ಹಂಪಮ್ಮನ ಮಾಳಿಗೆಗೆ ಗಾದಿಲಿಂಗ ಗಡಿಗೆ ಹೊತ್ತದ್ದು

ಬರ್ರಿ, ಬಿಸಿಲಾಗ ನಿಂದ್ರಬ್ಯಾಡ್ರಿ, ಈ ಕಡೆ ನೆರಳಿಗೆ ಸರೀರಿ. ನಗಾಕ ಹಲ್ಲು ಇದ್ದವರು ಮುಂದ ಕುಂದ್ರಿ, ಇಲ್ಲದವರು ಬಾಯಿಗೆ ಸೆರಗು ಹಿಡಕೊಂಡು ಹಿಂದ ಕುಂದ್ರಿ. ಹೇಳತೀನಿ.

ಸುಡಗಲ್ಲು ಅಂತ ಒಂದು ಊರು. ಅಲ್ಲಿ ಬಿಸಿಲು ಎಂಥದು ಅಂತ ಊರ ಹೆಸರೇ ಹೇಳತೈತಿ. ಆ ಊರಾಗ ಹಂಪಮ್ಮ ಅನ್ನೋ ಹೆಣ್ಣುಮಗಳು. ಗಂಡ ಇಲ್ಲ. ಒಬ್ಬ ಮಗ, ಒಬ್ಬಳು ಮಗಳು. ಮಗಳು ಹುಲಿಗೆಮ್ಮ ಜಾಣಿ, ಕೊಟ್ಟ ಮನಿಯಾಗ ಚಂದಾಗಿ ಬಾಳುವೆ ಮಾಡತಿದ್ದಳು. ಮಗ ಗಾದಿಲಿಂಗ. ವಯಸ್ಸು ಮೂವತ್ತು. ಮೈಯಾಗ ಎರಡು ಎತ್ತಿನ ಶಕ್ತಿ. ಬುದ್ಧಿ? ದೇವರು ಬುದ್ಧಿ ಹಂಚೋ ದಿನ ಇವನಿಗೆ ಯಾರೋ "ನೀ ಇಲ್ಲೇ ನಿಂದ್ರು" ಅಂದಿದ್ದರಂತ. ಅಲ್ಲೇ ನಿಂತಿದ್ದ!

ಕೆಟ್ಟವನಲ್ಲ ಮತ್ತ. ಹೇಳಿದ ಮಾತು ಮೀರುವವನಲ್ಲ. ಅದೇ ಕಷ್ಟ ನೋಡ್ರಿ! ಹೇಳಿದ್ದನ್ನ ಹೇಳಿದ ಹಂಗೇ ಮಾಡುವವನು. ಬೈದರೆ ಸಿಟ್ಟಿಲ್ಲ, ಸೆಡವಿಲ್ಲ. ಎರಡೂ ಕೈ ಮುಗಿದು, "ಹೇಳಿಕೊಟ್ಟಿ ಯವ್ವಾ, ನಿನಗ ಪುಣ್ಯ ಬರಲಿ!" ಅಂತಿದ್ದ. ಹಂಪಮ್ಮನ ಬೈಗಳು ಅಲ್ಲಿಗೇ ಗಂಟಲಾಗ ಕೂತುಬಿಡತಿತ್ತು.

ಹಂಪಮ್ಮನದು ಒಂದೇ ಖೋಲಿ ಮನಿ. ಮೊದಲು ಮಣ್ಣಿನ ಮಾಳಿಗೆ ಇತ್ತು. ಒಂದು ವರ್ಷ ದೊಡ್ಡ ಮಳಿ ಬಂದು ಅದು ಕುಸಿದು ಬಿತ್ತು. ಆಮ್ಯಾಲೆ ಸಿಮೆಂಟಿನ ಸ್ಲ್ಯಾಬು ಹಾಕಿಸಿದಳು. ಸ್ಲ್ಯಾಬು ಸೋರೋದಿಲ್ಲ, ಖರೆ. ಆದರ ಬ್ಯಾಸಗಿ ಬಂತೋ, ಮ್ಯಾಲೆ ರೊಟ್ಟಿ ತಟ್ಟಿ ಹಾಕಿದರೆ ಬೇಯಬೇಕು, ಕೆಳಗ ಕೂತವರು ಸುಟ್ಟ ಬದನೀಕಾಯಿ ಆಗಬೇಕು! ಮಧ್ಯಾಹ್ನ ಆತಂದರ ತಾಯಿ ಮಗ ಇಬ್ಬರೂ ಬೇವಿನ ಗಿಡದ ಬುಡಕ್ಕ ಓಡೋರು. ಮಾಳಿಗೆ ಮ್ಯಾಲೆ ಕಾಲಿಡೋ ಮಾತೇ ಇಲ್ಲ.

ಆ ವರ್ಷ ಹುಲಿಗೆಮ್ಮ ಬಸಿರಾದಳು. ಚೊಚ್ಚಲ ಹೆರಿಗಿ. ದಿನ ಎಣಿಸಿದರೆ ಸುಡುಸುಡು ಬ್ಯಾಸಗಿಯಾಗ ಬರತೈತಿ. ಬೀಗರು ಹೇಳಿ ಕಳಿಸಿದರು: "ನಿಮ್ಮ ಮನಿ ಒಲಿ ಇದ್ದಂಗ ಐತಿ. ಕೂಸು ತಡಿಯಂಗಿಲ್ಲ. ಆಗದಿದ್ದರ ಆಗಂಗಿಲ್ಲ ಅನ್ರಿ, ಇಲ್ಲೇ ಇಟ್ಟುಕೊಳ್ಳತೀವಿ."

ಹಂಪಮ್ಮಗ ತುತ್ತು ಇಳಿಯವಲ್ಲದು. ಚೊಚ್ಚಲ ಬಾಣಂತನ ತವರಾಗ ಆಗದಿದ್ದರ ಆ ತವರು ಯಾತಕ್ಕ? ಆದರ ಎಳೇ ಕೂಸನ್ನ ಈ ಕಾದ ಹಂಚಿನಂಥ ಸ್ಲ್ಯಾಬಿನ ಕೆಳಗ ಹ್ಯಾಂಗ ಮಲಗಿಸೋದು?

ಊರಾಗ ಮಾಬುಸಾಬ ಅಂತ ಮುಪ್ಪಾದ ಗಾರೆ ಮೇಸ್ತ್ರಿ. ಹಂಪಮ್ಮ ಅವನ ಹತ್ತಿರ ಹೋಗಿ ಅತ್ತಳು. ಮಾಬುಸಾಬ ಬಂದ, ನಿಚ್ಚಣಿಕಿ ಹತ್ತಿದ, ಬರಿಗಾಲಾಗ ಎರಡು ಹೆಜ್ಜಿ ಇಟ್ಟ, ಕುಣಿದ, ಲಗೂನ ಇಳಿದ.

"ತಂಗೀ, ಇದಕ್ಕ ಒಂದು ಹಳೇ ಮದ್ದು ಐತಿ. ಸ್ಲ್ಯಾಬಿನ ಮ್ಯಾಲೆ ಸಣ್ಣ ಸಣ್ಣ ಗಡಿಗಿ ಬೋರಲು ಹಾಕಬೇಕು, ಹೆಗಲಿಗೆ ಹೆಗಲು ಹಚ್ಚಿ. ನಡುವ ಸುಣ್ಣದ ಗಾರೆ, ಮ್ಯಾಲೆ ಚಪ್ಪಟಿ ಹಂಚು. ಗಡಿಗಿ ಒಳಗ ಗಾಳಿ ಸಿಕ್ಕಿ ಬೀಳತೈತಿ. ಬಿಸಿಲು ಆ ಗಾಳಿ ದಾಟಿ ಕೆಳಗ ಬರಂಗಿಲ್ಲ. ಮ್ಯಾಲೆ ಬೇಕಾದರ ಸಂಡಿಗಿ ಹಾಕು, ಜ್ವಾಳ ಒಣಗಿಸು, ಹಾಸಿಗಿ ಹಾಸ್ಕೊಂಡು ಮಲಗು. ದಿನಾ ಓಡಾಡೋ ಮಾಳಿಗಿ ಆಗತೈತಿ."

"ಆಗತೈತೇನಣ್ಣಾ, ಮಗಳು ಹಡಿಯೋದರಾಗ?"

"ಯಾಕ ಆಗಂಗಿಲ್ಲ? ನಾ ಮಾಡತೀನಿ. ಸಾಮಾನು ನಿನ್ನ ಮಗ ತರಲಿ."

ನಿನ್ನ ಮಗ ತರಲಿ! ಹಂಪಮ್ಮ ಮ್ಯಾಲೆ ನೋಡಿ ದೇವರಿಗೆ ಕೈ ಮುಗಿದಳು. ಆದರ ಬ್ಯಾರೆ ಯಾರದಾರ? ಮಗನ್ನ ಕರೆದಳು.

"ಗಾದಿಲಿಂಗಾ, ಕುಂಬಾರ ಸಣ್ಣೀರಮ್ಮನ ಮನಿಗೆ ಹೋಗು. ಅಂಗಳದಾಗ ನಮ್ಮ ಗಡಿಗಿ ಇಟ್ಟಿರತಾಳ. ಹಂಗೇ ತರಬ್ಯಾಡ. ಒಂದೊಂದನ್ನೂ ಬಡಿದು ನೋಡು. ಟಣ್ ಅಂದರ ತಗೋ, ಒಡಕಿದ್ದರ ಬಿಡು."

"ಹ್ಞೂಂ ಯವ್ವಾ!"

ಹೋದ. ಹೋಗುವಾಗ ಮೂಲಿಯಾಗಿನ ಒನಕಿ ತಗೊಂಡು ಹೋದ. ಬಡಿಬೇಕಲ್ಲ! ಸಣ್ಣೀರಮ್ಮ ಒಳಗ ಮಣ್ಣು ನಾದುತ್ತಿದ್ದಳು. ಅಂಗಳದಾಗ ಧಡ್, ಧಡ್, ಧಡ್! ಓಡಿ ಬಂದು ನೋಡತಾಳ, ಇಪ್ಪತ್ತು ಗಡಿಗಿ ಚೂರು ಚೂರು!

"ಏಯ್, ಏನ ಮಾಡತೀಯೋ ಪುಣ್ಯಾತ್ಮಾ!"

"ಬಡಿದು ನೋಡಾಕತ್ತೀನಿ ಚಿಗವ್ವಾ. ಒಂದೂ ಟಣ್ ಅನ್ನವಲ್ಲದು. ಎಲ್ಲಾ ಒಡಕು!"

ಸಣ್ಣೀರಮ್ಮ ಒನಕಿ ಕಸಕೊಂಡಳು. ಒಡೆದದ್ದಕ್ಕ ಬದಲಿ ಎಂಟು ದಿನ ಮಣ್ಣು ತುಳಿಯಾಕ ಹಚ್ಚಿದಳು. ಗಾದಿಲಿಂಗ ತುಳಿದ, ನಗುನಗುತ್ತ ತುಳಿದ. ಅಲ್ಲೇ ಉಂಡು ಅಲ್ಲೇ ಮಲಗಿ ಎಂಟು ದಿನ ಮುಗಿಸಿ, ಚೂರೆಲ್ಲ ಬುಟ್ಟಿಗೆ ತುಂಬಿಕೊಂಡು ಮನಿಗೆ ಬಂದ. ಹಂಪಮ್ಮ ಹಣಿ ಹಣಿ ಬಡಕೊಂಡಳು.

"ಅಲ್ಲಲೇ ಗಾದಿಲಿಂಗಾ! ಬಡಿಯೋದಂದರ ಒನಕೀಲೇ ಏನಲೇ? ಬೆರಳ ತುದೀಲೆ ಮೆತ್ತಗ ತಟ್ಟಬೇಕು, ಕಿವಿ ಹಚ್ಚಿ ಕೇಳಬೇಕು! ಟಣ್ ಅನ್ನದಿದ್ದರ ಸುಮ್ಮನ ಬಿಟ್ಟು ಬರಬೇಕು!"

"ಹೇಳಿಕೊಟ್ಟಿ ಯವ್ವಾ, ನಿನಗ ಪುಣ್ಯ ಬರಲಿ! ಇನ್ನ ಮರಿಯಂಗಿಲ್ಲ."

ಚೂರು ವ್ಯರ್ಥ ಆಗಲಿಲ್ಲ ಬಿಡ್ರಿ, ಗಾರೆಯೊಳಗ ಕಲಸಾಕ ಬರತಾವ. ಮರುದಿನ ಹಂಪಮ್ಮ ಅಂದಳು, "ಹೋಗಪ್ಪಾ, ಮಾಬುಕಾಕಾನ್ನ ಕರಕೊಂಡು ಬಾ. ಸುಣ್ಣ ಎಷ್ಟು ಬೇಕು ಕೇಳಬೇಕು."

ಹೋದ. ಮಾಬುಸಾಬ ಉಂಡು ಹುಣಸಿ ಗಿಡದ ಕೆಳಗ ಕಂಬಳಿ ಹಾಸಿ ಮಲಗಿದ್ದ. ಹೊಟ್ಟಿ ಗಡಿಗಿ ಹಂಗ ಮ್ಯಾಲೆದ್ದಿತ್ತು. ಗಾದಿಲಿಂಗ ಹತ್ತಿರ ಕೂತ. ಬೆರಳ ತುದೀಲೆ ಮೆತ್ತಗ ಹೊಟ್ಟಿ ತಟ್ಟಿದ. ಕಿವಿ ಹಚ್ಚಿ ಕೇಳಿದ. ಇನ್ನೊಮ್ಮೆ ತಟ್ಟಿದ. ಇನ್ನೊಮ್ಮೆ ಕೇಳಿದ. ತಲಿ ಅಲ್ಲಾಡಿಸಿ ಎದ್ದು ಬಂದ.

"ಎಲ್ಲಲೇ ಮಾಬುಕಾಕಾ?"

"ಬಿಟ್ಟು ಬಂದೆ ಯವ್ವಾ. ಕಾಕಾ ಒಡಕು ಐತಿ."

"ಏನಂದಿ?"

"ಟಣ್ ಅನ್ನಲಿಲ್ಲಬೇ. ಗುಡುಗುಡು ಅಂತು."

ಹಂಪಮ್ಮಗ ಅಳಬೇಕೋ ನಗಬೇಕೋ!

"ಅಲ್ಲಲೇ ಗಾದಿಲಿಂಗಾ! ದೊಡ್ಡವರನ್ನ ಹಂಗೇನಲೇ ಕರಿಯೋದು? ಎದುರಿಗೆ ನಿಂತು, ಕೈ ಮುಗಿದು, 'ದೊಡ್ಡವರು ನೀವು, ನಮ್ಮ ಮನಿಗೆ ದಯಮಾಡ್ರಿ' ಅನ್ನಬೇಕು. ಅವರಾಗೇ ಏಳೋತನಕ ಮೈ ಮುಟ್ಟಬಾರದು!"

"ಹೇಳಿಕೊಟ್ಟಿ ಯವ್ವಾ, ನಿನಗ ಪುಣ್ಯ ಬರಲಿ!"

ಹಂಪಮ್ಮ ತಾನೇ ಹೋಗಿ ಮಾಬುಸಾಬನ್ನ ಕೇಳಿ ಬಂದಳು. ಒಂದು ಚೀಲ ಸುಣ್ಣದ ಕಲ್ಲು ಮೊದಲು ತರಬೇಕು. ಸುಣ್ಣದ ಭಟ್ಟಿ ಊರ ಹೊರಗ. ಗಾದಿಲಿಂಗ ಬೆಳಿಗ್ಗೆ ಹೋದವನು ಮಧ್ಯಾಹ್ನ ಬರಲಿಲ್ಲ, ಸಂಜಿ ಬರಲಿಲ್ಲ. ಹಂಪಮ್ಮ ಹುಡುಕಿಕೊಂಡು ಹೋದಳು. ನೋಡತಾಳ, ಬೆಳ್ಳಗಿನ ಸುಣ್ಣದ ಗುಂಪಿ ಮುಂದ ಮಗ ನಿಂತಾನ, ಕೈ ಮುಗಿದು, ತಲಿ ಬಗ್ಗಿಸಿ.

"ದೊಡ್ಡವರು ನೀವು, ನಮ್ಮ ಮನಿಗೆ ದಯಮಾಡ್ರಿ! ದೊಡ್ಡವರು ನೀವು, ನಮ್ಮ ಮನಿಗೆ ದಯಮಾಡ್ರಿ!"

ಭಟ್ಟಿಯವರೆಲ್ಲ ಕೆಲಸ ಬಿಟ್ಟು ಸುತ್ತ ಕೂತು ನಗಾಕತ್ತಾರ. ಹಂಪಮ್ಮನ ಮುಖ ಸಣ್ಣದಾತು.

"ಅಲ್ಲಲೇ ಗಾದಿಲಿಂಗಾ! ಅದೇನು ನಡಕೊಂಡು ಬರತೈತೇನಲೇ? ಚೀಲದ ಬಾಯಿ ತೆಗಿಬೇಕು, ಒಳಗ ತುಂಬಬೇಕು, ಹೊತ್ತು ತರಬೇಕು. ತಂದು ಮ್ಯಾಲೆ ಒಂದು ಕೊಡ ನೀರು ಸುರುವಿ, ಹೊಗಿ ಬರತೈತಿ ಅಂತ ದೂರ ಸರಿದು ನಿಂದ್ರಬೇಕು!"

"ಹೇಳಿಕೊಟ್ಟಿ ಯವ್ವಾ, ನಿನಗ ಪುಣ್ಯ ಬರಲಿ!"

ಅವತ್ತು ತಾಯಿ ಮಗ ಕೂಡೇ ಸುಣ್ಣ ತಂದರು. ಕೊಡಗಟ್ಟಲೆ ನೀರು ಸುರುವಿ ನೆನಿ ಹಾಕಿದರು. ಸುಣ್ಣ ಕೊತಕೊತ ಕುದಿದು ಹೊಗಿ ಎದ್ದಿತು. ಗಾದಿಲಿಂಗ ಕೈ ಚಪ್ಪಾಳಿ ತಟ್ಟಿ ನೋಡಿದ.

ಎರಡು ದಿನಕ್ಕ ಗಂಡನ ಮನಿಯಾಗ ಹುಲಿಗೆಮ್ಮನ ಕುಬಸ, ಅಂದರ ಬಸುರಿಗೆ ಉಡಿ ತುಂಬೋ ಶಾಸ್ತ್ರ, ಮುಗೀತು. ಅಳಿಯ ಬಸ್ಸು ಹತ್ತಿಸಿ ಕಳಿಸತೀನಿ ಅಂದ. ಹಂಪಮ್ಮ ಅಡಿಗಿ ಬಿಟ್ಟು ಹೋಗೋ ಹಂಗಿಲ್ಲ.

"ಬಸ್‌ಸ್ಟ್ಯಾಂಡಿಗೆ ಹೋಗಿ ತಂಗೀನ್ನ ಕರಕೊಂಡು ಬಾ. ಜ್ವಾಕಿ!"

"ಜ್ವಾಕೀಲೆ ತರತೀನಿ ಯವ್ವಾ!"

ಹುಲಿಗೆಮ್ಮ ಬಸ್ಸಿಳಿದಳು. ಮುಖ ಕೆಂಪಾಗಿತ್ತು, ತುಟಿ ಒಣಗಿತ್ತು. ಎದುರಿಗೆ ಅಣ್ಣ ನಿಂತಿದ್ದ. ಒಂದು ಕೈಯಾಗ ಖಾಲಿ ಗೋಣಿಚೀಲ, ಒಂದು ಕೈಯಾಗ ತುಂಬಿದ ಕೊಡ.

"ಬಾ ತಂಗೀ. ಚೀಲದಾಗ ಇಳಿ."

"ಏನಣ್ಣಾ?"

"ಅವ್ವ ಹೇಳ್ಯಾಳ. ತುಂಬಬೇಕು, ಹೊರಬೇಕು. ಇಳಿ."

"ಇಬ್ಬರು ಅದೀವಣ್ಣಾ, ಒಂದು ಚೀಲದಾಗ ಹಿಡಿಯಂಗಿಲ್ಲ," ಅಂತ ಹುಲಿಗೆಮ್ಮ ಹೊಟ್ಟಿ ಮ್ಯಾಲೆ ಕೈ ಇಟ್ಟು ನಕ್ಕಳು. ಗಾದಿಲಿಂಗ ವಿಚಾರ ಮಾಡಿದ. ಹೌದು, ಹಿಡಿಯಂಗಿಲ್ಲ. ಚೀಲ ಬಿಟ್ಟ. ಆದರ ನೀರು? ಅದನ್ನೂ ಹೇಳ್ಯಾಳಲ್ಲ! ಕೊಡ ಎತ್ತಿ ತಂಗಿ ನೆತ್ತಿ ಮ್ಯಾಲೆ ಸುರುವಿಬಿಟ್ಟ! ದೂರ ಸರಿದು ನಿಂತ!

ಬಸ್ಸಿನಾಗಿನ ಮಂದಿ ಬಾಯಿ ತೆಗೆದು ನೋಡಿದರು. ಹುಲಿಗೆಮ್ಮ ಕಣ್ಣು ಮುಚ್ಚಿ ಹಂಗೇ ನಿಂತಳು. ನೀರು ತಲಿಯಿಂದ ಇಳಿದು, ಕೊರಳು ದಾಟಿ, ಸೀರಿ ಎಲ್ಲ ತೊಯ್ದು ಕಾಲಿಗೆ ಬಂತು. ಆಮ್ಯಾಲೆ ಉಸಿರು ಬಿಟ್ಟಳು.

"ಎಷ್ಟು ಹಾಯಾತೋ ಅಣ್ಣಾ! ಮುಂಜಾನಿಂದ ಬೇಯಾಕತ್ತಿದ್ದೆ. ನೀ ಚಂದಾಗಿರು."

"ಹೊಗಿ ಬರಲಿಲ್ಲಲ್ಲ ತಂಗೀ," ಅಂದ ಗಾದಿಲಿಂಗ.

ಒದ್ದಿ ಮುದ್ದಿ ಆದ ಬಸುರಿ ಮಗಳನ್ನ ಬಾಗಲದಾಗ ನೋಡಿ ಹಂಪಮ್ಮ ಸೌಟು ಎತ್ತಿದಳು.

"ಅಲ್ಲಲೇ ಗಾದಿಲಿಂಗಾ! ಬಸುರಿ ಹೆಂಗಸನ್ನ ಹಂಗೇನಲೇ ತರೋದು? ತಲಿ ಮ್ಯಾಲೆ ಛತ್ರಿ ಹಿಡಿಬೇಕು. ಹತ್ತು ಹೆಜ್ಜಿಗೊಮ್ಮೆ ನಿಲ್ಲಿಸಿ, 'ಕುಂದ್ರವ್ವಾ, ದಣಿವಾರಿಸಿಕೋ' ಅಂತ ನೆರಳಾಗ ಕುಂದ್ರಿಸಬೇಕು. ಒಡಲಾಗ ಜೀವ ಇದ್ದವರನ್ನ ಒಂದು ಕುಲುಕು ಆಗದಂಗ ತರಬೇಕು!"

"ಹೇಳಿಕೊಟ್ಟಿ ಯವ್ವಾ, ನಿನಗ ಪುಣ್ಯ ಬರಲಿ!"

"ಬೈಬ್ಯಾಡ ಬಿಡವ್ವಾ," ಅಂದಳು ಹುಲಿಗೆಮ್ಮ, ಕೂದಲು ಹಿಂಡಿಕೊಳ್ಳುತ್ತ. "ಅವನ ಹಂಗ ನನಗ ಯಾರು ನೀರೆರೆದಾರು?"

ಅಷ್ಟರಾಗ ಸಣ್ಣೀರಮ್ಮ ಹೇಳಿ ಕಳಿಸಿದಳು: ಗಡಿಗಿ ಸುಡೋ ಆವಿಗಿ ಹೊಸದಾಗಿ ಇಳಿದೈತಿ, ಇನ್ನೂರು ಗಡಿಗಿ ತಯಾರದಾವ, ಒಯ್ರಿ. ಬಂಡಿ ಸಿಗಲಿಲ್ಲ. ಗಾದಿಲಿಂಗನ್ನೇ ಕಳಿಸಬೇಕಾತು. ಹಂಪಮ್ಮ ಈ ಸಲ ಏನೂ ಹೇಳಲೇ ಇಲ್ಲ. ಹೇಳಿದರಲ್ಲೇನು ಕೆಡೋದು! "ಹೋಗು, ತಗೊಂಡು ಬಾ," ಅಂದಳು ಅಷ್ಟೇ.

ಗಾದಿಲಿಂಗ ಗಡಿಗಿ ನೋಡಿದ. ದುಂಡಗಿನ ಹೊಟ್ಟಿ. ಒಳಗ ಗಾಳಿ ಇರತೈತಿ ಅಂತ ಮಾಬುಕಾಕಾ ಅಂದಿದ್ದ. ಗಾಳಿ ಅಂದರ ಉಸಿರು. ಉಸಿರು ಅಂದರ ಜೀವ. ಅಯ್ಯಯ್ಯೋ, ಎಲ್ಲಾ ಬಸುರಿಯರು!

ಮನಿಗೆ ಓಡಿದ, ಛತ್ರಿ ತಂದ. ಎರಡು ಗಡಿಗಿ ಬಗಲಾಗ ಇಟ್ಟುಕೊಂಡ, ಛತ್ರಿ ಹಿಡಿದ. ಹತ್ತು ಹೆಜ್ಜಿ ನಡೆದ, ನಿಂತ. ಗಡಿಗಿ ನೆರಳಾಗ ಇಟ್ಟ. "ಕುಂದ್ರವ್ವಾ, ದಣಿವಾರಿಸಿಕೋ." ಮತ್ತ ಹತ್ತು ಹೆಜ್ಜಿ. "ಕುಂದ್ರವ್ವಾ, ದಣಿವಾರಿಸಿಕೋ." ಊರ ಮಂದಿ ಬಾಗಲಾ ಬಾಗಲಕ್ಕ ನಿಂತು ನಕ್ಕರು. ಇವ ನಗೋರಿಗೂ ಕೈ ಮುಗಿದ. ಎರಡೆರಡೇ ಗಡಿಗಿ, ನೂರು ಸಲ ಹೋದ, ನೂರು ಸಲ ಬಂದ. ಐದು ದಿನ ಹಿಡೀತು.

ಐದನೇ ದಿನ ಮಾಬುಸಾಬ ಬಂದು ಗಡಿಗಿ ಒಂದೊಂದೇ ತಿರುವಿ ನೋಡಿದ. ಮತ್ತ ನೋಡಿದ.

"ಹಂಪವ್ವಾ, ಬಂಡಿಯಾಗ ತಂದರ ನೂರಕ್ಕ ಇಪ್ಪತ್ತು ಒಡಿತಾವ. ನನ್ನ ಆಯುಷ್ಯದಾಗ ಒಂದೂ ಬಿರುಕು ಬಿಡದಂಗ ಇನ್ನೂರು ಗಡಿಗಿ ಬಂದದ್ದು ಇದೇ ಮೊದಲು. ಇವೆಲ್ಲಾ ಮಾಳಿಗಿಗೆ ಸರಿಯಾಗಿ ಬರತಾವ!"

ಬೈಯಾಕ ಬಂದಿದ್ದ ಹಂಪಮ್ಮ ಒಲಿ ಕಡೆ ತಿರುಗಿದಳು. ಅವತ್ತು ಮಗನಿಗೆ ಒಂದು ರೊಟ್ಟಿ ಜಾಸ್ತಿ ಹಾಕಿದಳು.

ಕೆಲಸ ಶುರುವಾತು. ಮಾಬುಸಾಬ ಹಾಸಿದ, ಗಾದಿಲಿಂಗ ಎತ್ತಿಕೊಟ್ಟ. ಗಡಿಗಿ ಬೋರಲು, ಹೆಗಲಿಗೆ ಹೆಗಲು. ನಡುವ ಚೂರು ಕಲಸಿದ ಸುಣ್ಣದ ಗಾರೆ. ಮ್ಯಾಲೆ ಚಪ್ಪಟಿ ಹಂಚು, ಸಂದಿಗೆಲ್ಲ ಗಾರೆ. ಕಡೀ ಹಂಚು ಇಟ್ಟು ಮಾಬುಸಾಬ ನಿಚ್ಚಣಿಕಿಗೆ ಕಾಲಿಟ್ಟ. ಇಳಿಯುತ್ತ ಅಂದ, "ಏಳು ದಿನ ಇದಕ್ಕ ನೀರು ಉಣಿಸು ಗಾದಿಲಿಂಗಾ, ಒಣಗಾಕ ಬಿಡಬ್ಯಾಡ. ಏಳು ದಿನ ಇದರ ಮ್ಯಾಲೆ ಯಾರಿಗೂ ಕಾಲಿಡಾಕ ಕೊಡಬ್ಯಾಡ. ಯಾರಿಗೂ ಅಂದರ ಯಾರಿಗೂ!"

"ಹೇಳಿಕೊಟ್ಟಿ ಕಾಕಾ, ನಿನಗ ಪುಣ್ಯ ಬರಲಿ!"

ಮಾಬುಸಾಬ ಇಳಿದು ಹೋದ. ಗಾದಿಲಿಂಗ ನಿಂತದ್ದು ಎಲ್ಲಿ? ಮಾಳಿಗಿ ಆ ಕಡೆ ಮೂಲಿಯಾಗ, ಅಂಚಿನ ಮೋಟು ಗೋಡಿ ಮ್ಯಾಲೆ! ನಿಚ್ಚಣಿಕಿ ಇರೋದು ಈ ಕಡೆ ಮೂಲಿಯಾಗ! ಇಳಿಬೇಕಂದರ ಮಾಳಿಗಿ ಮ್ಯಾಲೆ ಕಾಲಿಡಬೇಕು. ಯಾರಿಗೂ ಅಂದರ ಯಾರಿಗೂ. ತಾನೂ ಯಾರೋ ಒಬ್ಬನೇ ಅಲ್ಲೇನು?

ಅಲ್ಲೇ ಕೂತ.

"ಇಳಿಯೋ ಮಗನಾ!" ಹಂಪಮ್ಮ ಕೆಳಗಿಂದ ಕೂಗಿದಳು.

"ಕಾಲಿಡಬಾರದಬೇ!"

"ನಿಚ್ಚಣಿಕಿ ಆ ಕಡೆ ತಂದು ಹಚ್ಚತೀನಲೇ!"

"ಇಳಿದರ ನೀರು ಉಣಿಸೋರು ಯಾರಬೇ?"

ಹಂಪಮ್ಮ ಒಳಗ ಹೋಗಿ ರೊಟ್ಟಿ ತಟ್ಟಿದಳು. ಗಳದ ತುದಿಗೆ ರೊಟ್ಟಿ ಗಂಟು ಕಟ್ಟಿ ಮ್ಯಾಲೆ ಕೊಟ್ಟಳು. ಪಕ್ಕದ ಮನಿಯವರು ಕೊಡಕ್ಕ ಹಗ್ಗ ಕಟ್ಟಿ ಕೊಟ್ಟರು, ಇವ ಜಗ್ಗಿಕೊಂಡ. ಉದ್ದನ್ನ ಬಿದಿರಿನ ತುದಿಗೆ ತೆಂಗಿನ ಚಿಪ್ಪು ಕಟ್ಟಿದ. ಕೂತಲ್ಲಿಂದಲೇ ಚಿಪ್ಪು ಚಿಪ್ಪು ನೀರು ಉಣಿಸಿದ. "ಉಣ್ಣವ್ವಾ, ಒಂದು ಗುಟುಕು. ಈಗ ನೀ ಉಣ್ಣು. ಗಡಬಡಿಸಬ್ಯಾಡ, ನೆತ್ತಿಗೇರೀತು." ಒಂದು ಹಂಚು ಬಿಡಲಿಲ್ಲ, ಒಂದು ಸಂದಿ ಬಿಡಲಿಲ್ಲ. ಕಾಗಿ ಬಂದು ಕೂತರ ಅದಕ್ಕೂ ಕೈ ಮುಗಿದ. "ಕಾಲಿಡಬ್ಯಾಡವ್ವಾ, ನನ್ನ ಮಾತು ಹೋಗತೈತಿ."

ನಾಕನೇ ದಿನ ಹುಲಿಗೆಮ್ಮಗ ನೋವು ಬಂತು. ವಾಹನ ಬಂತು, ತಾಲೂಕಿನ ದವಾಖಾನಿಗೆ ಕರಕೊಂಡು ಹೊಂಟರು. ಹಂಪಮ್ಮ ಹಿಂದ ತಿರುಗಿ ನೋಡಿದಳು. ಉರಿ ಬಿಸಿಲಾಗ, ತಲಿಗೆ ಟವೆಲ್ಲು ಸುತ್ತಿಕೊಂಡು, ಗೋಡಿ ಮ್ಯಾಲೆ ಮಗ ಕೂತಿದ್ದ.

"ತಂಗೀ, ಹೋಗಿ ಬಾ!" ಅಂತ ಕೂಗಿದ. "ನಾ ಇಲ್ಲೇ ಇರತೀನಿ! ನಿನ್ನ ಕೂಸಿಗೆ ನೆರಳು ಕಾಯತೀನಿ!"

ದಾರಿ ಉದ್ದಕ್ಕೂ ಹಂಪಮ್ಮಗ ಎರಡು ಚಿಂತಿ. ಒಂದು ಒಳಗ ನರಳೋ ಮಗಳದು, ಒಂದು ಬಿಸಿಲಾಗ ಬೇಯೋ ಮಗನದು.

ಹೆಣ್ಣು ಕೂಸು ಹುಟ್ಟಿತು. ಮೂರು ದಿನ ಅಲ್ಲೇ ಇದ್ದು ಮನಿಗೆ ಬಂದರು. ಬಂದದ್ದು ನಡು ಮಧ್ಯಾಹ್ನ, ಹಕ್ಕಿ ಸೈತ ಹಾರದ ಹೊತ್ತು. ಕೂಸು ದಾರಿ ತುಂಬ ಚೀರಿ ಚೀರಿ ಕೆಂಪಾಗಿತ್ತು. ಹಂಪಮ್ಮ ಅದನ್ನ ಎದಿಗವಚಿಕೊಂಡು, ದೇವರೇ ಅಂತ, ಬಾಗಲಾ ದೂಡಿ ಒಳಗ ಕಾಲಿಟ್ಟಳು.

ತಂಪು!

ನಂಬಲಿಲ್ಲ. ಕೂಸನ್ನ ಮಗಳ ಕೈಗೆ ಕೊಟ್ಟು, ಸ್ಟೂಲು ಏರಿ ನಿಂತು ಸ್ಲ್ಯಾಬಿಗೆ ಅಂಗೈ ಹಚ್ಚಿದಳು. ಹೋದ ವರ್ಷ ಇದೇ ಹೊತ್ತಿಗೆ ಕೈ ಇಡೋ ಹಂಗಿರಲಿಲ್ಲ. ಈಗ ನೀರಿನ ಗಡಿಗಿ ಮುಟ್ಟಿದಂಗಿತ್ತು. ಕೂಸು ಒಮ್ಮೆ ಬಿಕ್ಕಿತು, ಆಕಳಿಸಿತು, ಸುಮ್ಮನಾತು. ತೊಟ್ಟಿಲಿಗೆ ಹಾಕೋದರಾಗ ನಿದ್ದಿ ಹೋಗಿತ್ತು. ಹುಲಿಗೆಮ್ಮ ನೆಲಕ್ಕ ಬೆನ್ನು ಹಚ್ಚಿ, ಮ್ಯಾಲೆ ನೋಡುತ್ತ, ಕಣ್ಣೀರು ಒರಸಿಕೊಂಡಳು.

ಮಾಬುಸಾಬ ಬಂದು ಮಾಳಿಗಿ ಹತ್ತಿದ. ಹಂಚಿನ ಮ್ಯಾಲೆ ಹಿಮ್ಮಡಿ ಊರಿ ಕುಟ್ಟಿದ. "ಸುಣ್ಣ ಕಲ್ಲಾಗೈತಿ. ಗುಟುಕು ಗುಟುಕು ಉಣಿಸ್ಯಾನಲ್ಲ, ಒಂದು ಕೂದಲೆಳಿ ಬಿರುಕಿಲ್ಲ. ಇಳಿಯೋ ಗಾದಿಲಿಂಗಾ, ನಿನ್ನ ಏಳು ದಿನ ಮುಗಿದಾವ."

ಅವತ್ತು ಸಂಜೀಗೆ ಓಣಿ ಹೆಂಗಸರೆಲ್ಲ ಮಾಳಿಗಿ ಹತ್ತಿದರು. ಒಬ್ಬಾಕಿ ನಾಳೆ ಸಂಡಿಗಿ ಹಾಕತೀನಿ ಅಂದಳು, ಒಬ್ಬಾಕಿ ಚಾಪಿ ಹಾಸಿ ಕೂತಳು. ಸಣ್ಣೀರಮ್ಮ ತನ್ನ ಗಡಿಗಿ ಕಾಲ ಕೆಳಗೆ ಎಲ್ಲೆಲ್ಲಿ ಅದಾವ ಅಂತ ನೋಡುತ್ತ ಅಡ್ಡಾಡಿದಳು. ಒನಕಿ ಮಾತು ಎತ್ತಲಿಲ್ಲ.

ಕೆಳಗ ಹಂಪಮ್ಮ ಮಗನ್ನ ಎದುರಿಗೆ ಕುಂದ್ರಿಸಿಕೊಂಡಳು. ಬಿಸಿಲಿಗೆ ಕರ್ರಗಾಗಿದ್ದ ಅವನ ಮುಖ ಸೆರಗಿನಿಂದ ಒರಸಿದಳು. ಬಾಣಂತಿಗೆ ಮಾಡಿದ ಅಂಟಿನುಂಡಿ ಒಂದು ಅವನ ಕೈಯಾಗಿಟ್ಟಳು. ಬೈಯಾಕ ಏನೂ ಇರಲಿಲ್ಲ. ಹಂಗಿದ್ದೂ ಬಾಯಿ ಬಿಡದೇ ಇರಾಕ ಆಗಲಿಲ್ಲ.

"ನೀನಿಲ್ಲದಿದ್ದರ ನಾ ಏನ ಮಾಡತಿದ್ದೆ ಮಗನಾ? ಇವತ್ತು ಬೀಗರ ಮುಂದ ನನ್ನ ಮಾನ ಉಳಿಸಿದಿ. ಮತ್ತ ಮಾಬುಕಾಕಾ! ಒಂದು ದಿನಾನೂ ಬ್ಯಾಸರಿಲ್ಲದ ದುಡಿದ ದೇವರಂಥ ಮನಿಷ್ಯಾ. ಅವನ ಉಪಕಾರ ಮರೀಬ್ಯಾಡ. ಅಂಥವರನ್ನ ತಲಿ ಮ್ಯಾಲೆ ಹೊತ್ತುಕೊಂಡು ಊರ ತುಂಬ ತಿರಗಬೇಕು ನೋಡು. ಸಾಯೋತನಕ ಇಳಿಸಬಾರದು!"

"ಹೇಳಿಕೊಟ್ಟಿ ಯವ್ವಾ, ನಿನಗ ಪುಣ್ಯ ಬರಲಿ!"

ಹಂಪಮ್ಮ ಕೂಸು ನೋಡಾಕ ಒಳಗ ತಿರುಗಿದಳು. ಗಾದಿಲಿಂಗ ಉಂಡಿ ಬಾಯಿಗೆ ಹಾಕಿಕೊಂಡ, ಟವೆಲ್ಲು ಸುತ್ತಿ ತಲಿ ಮ್ಯಾಲೆ ಹೊರೆ ಹೊರೋ ಸಿಂಬಿ ಮಾಡಿದ, ಹೊಂಟ.

ಮಾಬುಸಾಬ ಊರ ಬಾಗಲದ ಅಗಸಿ ಕಟ್ಟಿ ಮ್ಯಾಲೆ ಕೂತು ಚಾ ಕುಡಿಯುತ್ತಿದ್ದ. ಒಂದು ಹಿಡಿ ಮೈಯ ಮುದುಕ. ಏನು ಎತ್ತ ಅನ್ನೋದರಾಗ ಗಾದಿಲಿಂಗನ ತಲಿ ಮ್ಯಾಲೆ ಹೋಗಿದ್ದ! ಸಿಂಬಿ ಮ್ಯಾಲೆ ಕುಂತಿದ್ದ, ಕೈಯಾಗ ಚಾದ ಗ್ಲಾಸು ಹಂಗೇ ಇತ್ತು!

"ಏ, ಏ, ಏ! ಏನೋ ಇದು?"

"ಉಪಕಾರ ಕಾಕಾ! ಹಿಡಕೋ!"

ಮುಂದಿನ ಓಣಿ ಆತು, ಹಿಂದಿನ ಓಣಿ ಆತು, ಬಾವಿಕಟ್ಟಿ ಆತು. ಮಂದಿ ಸಿಳ್ಳಿ ಹಾಕಿದರು. ಯಾರೋ ಹಲಗಿ ತಂದು ಬಾರಿಸಿದರು. ಮಾಬುಸಾಬ ಮೊದಲು ಬೈದ, ಆಮ್ಯಾಲೆ ನಕ್ಕ, ಆಮ್ಯಾಲೆ ಚಾ ಕುಡಿದು ಮುಗಿಸಿದ.

"ಸಾಕೋ ಮಾರಾಯಾ, ಉಪಕಾರ ಮುಟ್ಟಿತು. ಇನ್ನ ಇಳಿಸು."

"ಇಳಿಸಬಾರದು ಕಾಕಾ. ಸಾಯೋತನಕ ಅಂದಾಳ ಅವ್ವ."

"ಯಾ ಅಲ್ಲಾ! ಯಾರು ಸಾಯೋತನಕೋ?"

ಗಾದಿಲಿಂಗ ಗಕ್ಕನೆ ನಿಂತ. ವಿಚಾರ ಮಾಡಿದ. ತಲಿ ಮ್ಯಾಲೆ ಮುದುಕ ತೂಗಾಡಿದ.

"ಹೌದಲ್ಲ ಕಾಕಾ! ನೀ ಸಾಯೋತನಕೋ, ನಾ ಸಾಯೋತನಕೋ? ಕೇಳೋದೇ ಮರತೆ. ಹೇಳಿಕೊಟ್ಟಿ, ನಿನಗ ಪುಣ್ಯ ಬರಲಿ! ಗಟ್ಟಿ ಹಿಡಕೋ, ಅವ್ವನ್ನ ಕೇಳಿಕೊಂಡು ಬರೋಣು!"

ಅಂದವನೇ ಮನಿ ಕಡೆ ಓಡಾಕ ಹತ್ತಿದ. ಇಳಿಸಿದ ಸುದ್ದಿ ಇನ್ನೂ ನನ್ನ ಕಿವಿಗೆ ಬಿದ್ದಿಲ್ಲ.